ನೆರಳು ನೋಡಿ ನಮಾಜು

ಮಸ್ಕತ್ ನಗರ ಬೆಟ್ಟಕ್ಕೂ ಕಡಲಿಗೂ ನಡುವೆ ಸಿಕ್ಕಷ್ಟು ಜಾಗದಲ್ಲಿ ಉದ್ದುದ್ದಕ್ಕೆ ಹಬ್ಬಿಕೊಂಡಿದೆ. ಬೆಟ್ಟದ ಮೇಲೆ ಮರವಿಲ್ಲ, ಪೊದೆಯಿಲ್ಲ, ಬರೀ ಕಂದು ಬಂಡೆ. ಅದರ ಬುಡದಲ್ಲಿ ಊರಿಗೆ ಊರೇ ಬಿಳಿ. ತಮ್ಮನ ಮನೆ ಇರುವ ರೂವಿಯಲ್ಲಿ ಬೀದಿಗಿಳಿದರೆ ಮಲಯಾಳ, ತುಳು, ಬಂಗಾಳಿ, ಉರ್ದುಗಳೆಲ್ಲ ಕಿವಿಗೆ ಬಿದ್ದ ಮೇಲೆ ಅರಬ್ಬಿಯ ಸರದಿ ಬರುತ್ತದೆ.

ನಾವು ಬಸ್ರೂರು ಕಡೆಯವರು. ಹಾಗಾಗಿ ಈ ಊರಿನ ಹೆಸರು ನನಗೆ ಗಲ್ಫ್ ನೌಕರಿಯ ಕಾಲಕ್ಕಿಂತ ಹಳೆಯದು. ಕೆಳದಿ ನಾಯಕರ ಕಾಲದಲ್ಲಿ ಬಸ್ರೂರು, ಮಂಗಳೂರುಗಳಿಂದ ಅಕ್ಕಿಮೂಟೆ ತುಂಬಿಕೊಂಡ ಹಡಗುಗಳು ಮಸ್ಕತ್‌ಗೆ ಬರುತ್ತಿದ್ದವು. ಈ ಬಂಡೆನಾಡಿನವರು ನಮ್ಮ ಗದ್ದೆಯ ಅನ್ನ ಉಂಡವರು. ಆಮೇಲೆ ಟಿಪ್ಪು ಸುಲ್ತಾನ ಇಲ್ಲೊಂದು ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಗಂಧ, ಕಾಳುಮೆಣಸು, ಏಲಕ್ಕಿ, ಅಕ್ಕಿ ಅವನ ಸರಕು. ಹಳೇ ಮಸ್ಕತ್‌ನಲ್ಲಿ ಅರಮನೆಯ ಹತ್ತಿರವೇ ಮೋತೀಶ್ವರ ದೇವಸ್ಥಾನವಿದೆ. ಬಂದ ಮರುದಿನ ಅಲ್ಲಿಗೆ ಹೋಗಿ ಕೈಮುಗಿದೆವು. ಅದರ ಮರುದಿನ ಮಸೀದಿ.

ಮಸೀದಿಗೆ ಹೊರಟಾಗ ನನಗಿಂತ ನಾದಿನಿಗೇ ಗಡಿಬಿಡಿ. “ಅತ್ತಿಗೆ, ಮುಂಗೈ ಕಾಣಬಾರದು, ಪಾದದ ಗಂಟು ಕಾಣಬಾರದು, ಕೂದಲು ಒಂದೆಳೆಯೂ ಹೊರಗಿರಬಾರದು” ಎಂದು ಸೆರಗಿನ ಮೇಲೊಂದು ಶಾಲು ಹೊದಿಸಿ ನಾಲ್ಕು ಕಡೆ ಪಿನ್ನು ಚುಚ್ಚಿದಳು. ಬಾಗಿಲಲ್ಲಿದ್ದ ಕಾವಲಿನವನು ನನ್ನನ್ನು ನೋಡಿ ಒಳಗೆ ಬಿಟ್ಟ. ತೋಳು ಕಾಣುವ ಅಂಗಿ ತೊಟ್ಟು ಬಂದಿದ್ದ ಯುರೋಪಿನ ಹುಡುಗಿಯನ್ನು ಅಬಾಯ ತೊಟ್ಟು ಬಾ ಎಂದು ಪಕ್ಕಕ್ಕೆ ಕಳಿಸಿದ.

ಸುಲ್ತಾನ್ ಖಾಬೂಸ್ ಗ್ರ್ಯಾಂಡ್ ಮಸೀದಿ ಹಳೆಯದೇನಲ್ಲ. 1995ರಲ್ಲಿ ಕೆಲಸ ಶುರುವಾಗಿ 2001ರ ಮೇ ತಿಂಗಳಲ್ಲಿ ಬಾಗಿಲು ತೆರೆಯಿತು. ಕಟ್ಟಿದ ಮರಳುಗಲ್ಲು ಮೂರು ಲಕ್ಷ ಟನ್, ಅದು ಹಡಗೇರಿ ಬಂದದ್ದು ಭಾರತದಿಂದ. ಒಂದು ಕಾಲಕ್ಕೆ ಅಕ್ಕಿ, ಈಗ ಕಲ್ಲು! ಐದು ಮಿನಾರುಗಳಿವೆ, ನಡುವಿನದು 90 ಮೀಟರ್ ಎತ್ತರ. ಇಸ್ಲಾಮಿನ ಐದು ಕಂಬಗಳ ಲೆಕ್ಕಕ್ಕೆ ಈ ಐದು ಎಂದು ಇಲ್ಲಿಯವರು ಹೇಳುತ್ತಾರೆ. ಸುತ್ತಲಿನ ಕಮಾನು ಸಾಲುಗಳಲ್ಲಿ ನಡೆಯುತ್ತ ಹೋದರೆ ಗೋಡೆಯ ಗೂಡುಗಳಲ್ಲಿ ಒಂದೊಂದು ಮುಸ್ಲಿಂ ನಾಡಿನ ಕುಸುರಿ: ಒಂದೆಡೆ ತುರ್ಕಿಯ ನೀಲಿ ಹೂವು, ಒಂದೆಡೆ ಇರಾನಿನ ಬಳ್ಳಿ, ಇನ್ನೊಂದೆಡೆ ನಮ್ಮ ಮೊಘಲರ ಕಾಲದ ಹೂಕುಂಡ. ಎಲ್ಲಿಯೂ ಮನುಷ್ಯನಿಲ್ಲ, ಪ್ರಾಣಿಯಿಲ್ಲ. ಹೂವು, ಅಕ್ಷರ, ರೇಖೆ, ಅಷ್ಟೇ. ಮೂರ್ತಿಗಳ ನಡುವೆ ಹುಟ್ಟಿ ಬೆಳೆದ ಕಣ್ಣಿಗೆ ಮೊದಲು ಏನೋ ಕಡಿಮೆ ಅನ್ನಿಸಿತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಆ ರೇಖೆಗಳ ಒಳಗೇ ಕಣ್ಣು ಕಳೆದುಹೋಗಿತ್ತು. ಎಂಟು ಮೂಲೆಯ ಒಂದು ನಕ್ಷತ್ರದಿಂದ ಹೊರಟ ಗೆರೆ ಎಲ್ಲಿ ಮುಗಿಯುತ್ತದೆಂದು ಬೆರಳಿಟ್ಟು ಹಿಂಬಾಲಿಸಿದೆ. ಮುಗಿಯಲೇ ಇಲ್ಲ.

ಒಳಗಿನ ದೊಡ್ಡ ಹಾಲ್ ನಾಲ್ಕೂ ಕಡೆ 74 ಮೀಟರಿಗೂ ಹೆಚ್ಚು. ಆರೂವರೆ ಸಾವಿರ ಜನ ಒಟ್ಟಿಗೆ ನಮಾಜು ಮಾಡಬಹುದು. ಕೆಳಗೆ ಹಾಸಿದ್ದು ಒಂದೇ ಒಂದು ರತ್ನಗಂಬಳಿ, ತೂಕ 21 ಟನ್. ಇರಾನಿನ ಖೊರಾಸಾನ್ ಸೀಮೆಯ ಆರುನೂರು ಹೆಂಗಸರು ನಾಲ್ಕು ವರ್ಷ ಕೂತು 170 ಕೋಟಿ ಗಂಟು ಹಾಕಿ ನೇಯ್ದದ್ದು. ಪ್ರವಾಸಿಗಳ ಕಾಲು ತಾಗದಿರಲೆಂದು ಅದರ ಮೇಲೊಂದು ನೀಲಿ ಹಾಸು ಹಾಸಿದ್ದಾರೆ. ಅದರ ಮೇಲಷ್ಟೇ ನಡೆಯಬೇಕು. ಮೇಲೆ ಗುಮ್ಮಟದಿಂದ 14 ಮೀಟರ್ ಎತ್ತರದ ತೂಗುದೀಪ ಇಳಿಬಿದ್ದಿದೆ. ತಲೆಯೆತ್ತಿ ನೋಡಿ ನೋಡಿ ಕತ್ತು ನೋಯಿತು. ಇಂಥ ವೈಭವದ ಬಗ್ಗೆ ನನಗೆ ಸಣ್ಣ ಅನುಮಾನ ಇದ್ದೇ ಇರುತ್ತದೆ. ಎಣ್ಣೆಯ ದುಡ್ಡು ಎಲ್ಲಿ ಮಾತಾಡುತ್ತಿದೆ, ಭಕ್ತಿ ಎಲ್ಲಿ ಎಂದು ಬೇರ್ಪಡಿಸುವುದು ಕಷ್ಟ.

ಆ ಅನುಮಾನ ಸಡಿಲವಾದದ್ದು ಪಶ್ಚಿಮದ ಗೋಡೆಯ ಎದುರು ನಿಂತಾಗ. ಇಡೀ ಕಟ್ಟಡ, ಆ ಗಂಬಳಿ, ಆ ದೀಪ, ಸಾಲುಗೆರೆಗಳು, ಎಲ್ಲವೂ ಮುಖ ಮಾಡಿರುವುದು ಆ ಗೋಡೆಯಲ್ಲಿರುವ ಒಂದು ಗೂಡಿನ ಕಡೆಗೆ. ಮಿಹ್ರಾಬ್. ಸುತ್ತ ಚಿನ್ನದ ಬಣ್ಣದ ಅಕ್ಷರ, ಹೊಳೆಯುವ ಹೆಂಚುಬಿಲ್ಲೆ. ಒಳಗೆ ಏನಿದೆ? ಏನೂ ಇಲ್ಲ. ಗರ್ಭಗುಡಿ ಇರಬೇಕಾದ ಜಾಗದಲ್ಲಿ ಬರೀ ಖಾಲಿ. ಈ ಗೂಡು ದೇವರ ಜಾಗವಲ್ಲ, ದಿಕ್ಕಿನ ಗುರುತು. ‘ಇಲ್ಲಿಂದ ಹೀಗೆ ನೋಡು’ ಎನ್ನುವುದಷ್ಟೇ ಅದರ ಕೆಲಸ. ನೋಡಬೇಕಾದದ್ದು ಮರುಭೂಮಿಯನ್ನು ದಾಟಿ ಮೆಕ್ಕಾದಲ್ಲಿದೆ.

ನಾವು ಕನ್ನಡಿಗರು ಗೋಳಗುಮ್ಮಟ ನೋಡಿ ಬೆಳೆದವರು. ಅಲ್ಲಿ ಗುಮ್ಮಟದ ಕೆಳಗೆ ಮಹಮ್ಮದ್ ಆದಿಲ್‌ಶಾಹ ಮಲಗಿದ್ದಾನೆ, ಕಟ್ಟಡವಿರುವುದೇ ಅವನಿಗಾಗಿ. ಇಲ್ಲಿ ಕಟ್ಟಿಸಿದ ಸುಲ್ತಾನ್ ಖಾಬೂಸ್ 2020ರ ಜನವರಿಯಲ್ಲಿ ತೀರಿಕೊಂಡಾಗ ಈ ಹಾಲಿನಲ್ಲಿ ನಮಾಜು ಮಾತ್ರ ನಡೆಯಿತು. ಹೂಳಿದ್ದು ಕುಟುಂಬದ ಸ್ಮಶಾನದಲ್ಲಿ, ಸಾದಾ ಮಣ್ಣಿನಲ್ಲಿ.

ಹೊರಗೆ ಬಂದು ತೋಟದ ಅಂಚಿಗೆ ನಡೆದರೆ ಬೇರೆ ಧರ್ಮದವರಿಗೆ ಇಸ್ಲಾಂ ಪರಿಚಯಿಸುವ ಒಂದು ಕೋಣೆಯಿದೆ. ಸಾಲು ಸೋಫಾ, ತಟ್ಟೆಯಲ್ಲಿ ಖರ್ಜೂರ, ಉದ್ದ ಮೂತಿಯ ಹೂಜಿಯಲ್ಲಿ ಏಲಕ್ಕಿ ಹಾಕಿದ ಅರಬ್ಬಿ ಕಾಫಿ, ಕಹ್ವಾ. ಒಮಾನಿನ ಹೆಂಗಸರು ಸ್ವಯಂಸೇವೆಗೆ ಕೂತಿರುತ್ತಾರೆ. ನಮಗೆ ಸಿಕ್ಕಿದ ಹಿರಿಯಾಕೆ ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಕಹ್ವಾ ಸುರಿದರು, ಕುಡಿದೆ. ಮತ್ತೆ ಸುರಿದರು, ಕುಡಿದೆ. ಸಾಕಾದರೆ ಬಟ್ಟಲನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಬೇಕು, ಇಲ್ಲವಾದರೆ ಸುರಿಯುತ್ತಲೇ ಇರುತ್ತಾರೆ ಎಂದು ನಾದಿನಿ ಪಿಸುಗುಟ್ಟಿದಳು.

ಕೇಳಿದ್ದಕ್ಕೆಲ್ಲ ಆ ಹಿರಿಯಾಕೆ ನಿಧಾನವಾಗಿ, ಮನೆಯವರ ಸುದ್ದಿ ಹೇಳುವ ಹಾಗೆ ಹೇಳಿದರು. ಮುಹಮ್ಮದರು ಹುಟ್ಟುವ ಮೊದಲೇ ತಂದೆ ಇಲ್ಲ, ಆರರ ವಯಸ್ಸಿಗೆ ತಾಯಿಯೂ ಇಲ್ಲ. ಒಂಟೆ ಸಾರ್ಥವಾಹರ ಮೆಕ್ಕಾದಲ್ಲಿ ವ್ಯಾಪಾರ ಮಾಡುತ್ತಿದ್ದ ನಂಬಿಕಸ್ಥ ಮನುಷ್ಯ. ನಲವತ್ತರ ಹೊತ್ತಿಗೆ, 610ರ ಸುಮಾರಿಗೆ, ಹಿರಾ ಗುಹೆಯಲ್ಲಿ ಓದು ಎಂಬ ಆಜ್ಞೆ ಬಂತು. ಅಲ್ಲಿಂದ ಇಪ್ಪತ್ತಮೂರು ವರ್ಷ ಸ್ವಲ್ಪ ಸ್ವಲ್ಪವಾಗಿ ಬಂದದ್ದೇ ಕುರ್‌ಆನ್, 114 ಅಧ್ಯಾಯ. ನಮ್ಮ ಬೊಳುವಾರು ಮಹಮದ್ ಕುಂಞಿಯವರು ಪ್ರವಾದಿಯ ಬದುಕನ್ನು ಕಾದಂಬರಿ ಮಾಡಿದಾಗ ‘ಓದಿರಿ’ ಎಂದೇ ಹೆಸರಿಟ್ಟದ್ದು ನೆನಪಾಯಿತು. ಒಬ್ಬನೇ ದೇವರು ಎಂದದ್ದಕ್ಕೆ ಮೆಕ್ಕಾದವರು ಕಾಡಿದರು. 622ರಲ್ಲಿ ಊರು ಬಿಟ್ಟು ಮದೀನಾಕ್ಕೆ ಹೋದರು. ಮುಸ್ಲಿಮರ ವರ್ಷದ ಎಣಿಕೆ ಶುರುವಾಗುವುದು ಅವರ ಜನನದಿಂದಲ್ಲ, ಯಾವ ಗೆಲುವಿನಿಂದಲೂ ಅಲ್ಲ, ಈ ಊರು ಬಿಟ್ಟ ಪ್ರಯಾಣದಿಂದ.

“ನಿಮ್ಮ ಪ್ರವಾದಿ ಒಬ್ಬರೇ ಅಲ್ಲವೆ?” ಎಂದು ನಮ್ಮ ಜೊತೆ ಕೂತಿದ್ದ ಜರ್ಮನ್ ಹಿರಿಯರು ಕೇಳಿದರು. ಆಕೆ ನಕ್ಕರು. ಇಬ್ರಾಹಿಂ, ಮೂಸಾ, ದಾವೂದ್, ಈಸಾ ಎಲ್ಲರೂ ನಮ್ಮ ಪ್ರವಾದಿಗಳೇ, ಮುಹಮ್ಮದರು ಕೊನೆಯವರು. ಈಸಾ ಎಂದರೆ ನಿಮ್ಮ ಯೇಸು, ಅವರ ತಾಯಿ ಮರ್ಯಮರ ಹೆಸರಿನಲ್ಲಿ ಕುರ್‌ಆನಿನಲ್ಲಿ ಒಂದು ಪೂರ್ತಿ ಅಧ್ಯಾಯವೇ ಇದೆ ಎಂದರು. ಹತ್ತೊಂಬತ್ತನೆಯದು. ಜರ್ಮನ್ ಹಿರಿಯರು ಖರ್ಜೂರದ ಬೀಜ ಕೈಯಲ್ಲೇ ಹಿಡಿದು ಸುಮ್ಮನೆ ಕೂತರು.

ಐದು ಕಂಬಗಳನ್ನು ನಾನು ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೆ: ಸಾಕ್ಷ್ಯದ ಮಾತು, ನಮಾಜು, ಝಕಾತ್, ಉಪವಾಸ, ಹಜ್. ಆದರೆ ಆಕೆಯ ಬಾಯಲ್ಲಿ ಅವು ಸಂಸಾರದ ಲೆಕ್ಕಾಚಾರಗಳಾದವು. ಝಕಾತ್ ಎಂದರೆ, ಒಂದು ವರ್ಷ ಪೂರ್ತಿ ಕೈಯಲ್ಲುಳಿದ ಉಳಿತಾಯ ಗೊತ್ತಾದ ಮಿತಿ ದಾಟಿದರೆ ಅದರಲ್ಲಿ ನೂರಕ್ಕೆ ಎರಡೂವರೆ ಬಡವರ ಪಾಲು. ಅದು ದಾನವಲ್ಲ, ಬಾಕಿ. ಕಾಯಿಲೆಯವರು, ಪ್ರಯಾಣದಲ್ಲಿರುವವರು ಉಪವಾಸ ಬಿಟ್ಟು ಆಮೇಲೆ ತೀರಿಸಬಹುದು. ಹಜ್ ಶಕ್ತಿಯಿದ್ದರೆ ಜೀವಮಾನದಲ್ಲಿ ಒಮ್ಮೆ.

ರಂಜಾನ್ ಯಾಕೆ ಪ್ರತಿ ವರ್ಷ ಹಿಂದೆ ಸರಿಯುತ್ತದೆ ಎಂದು ನಾನು ಕೇಳಿದೆ. ಕೇಳಿ, ಉತ್ತರವನ್ನು ನಾನೇ ನಮ್ಮ ಪಂಚಾಂಗದ ಪಕ್ಕದಲ್ಲಿಟ್ಟು ನೋಡಿದೆ. ಚಾಂದ್ರಮಾನದ ಹನ್ನೆರಡು ತಿಂಗಳು ಕೂಡಿದರೆ 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ನಮ್ಮವರು ಆ ಕೊರತೆ ತುಂಬಲು ಮೂರು ವರ್ಷಕ್ಕೊಮ್ಮೆಯಂತೆ ಅಧಿಕ ಮಾಸ ಸೇರಿಸಿ ಯುಗಾದಿಯನ್ನು ವಸಂತಕ್ಕೆ ಕಟ್ಟಿಹಾಕಿದರು. ಇಸ್ಲಾಮಿಗೆ ಮೊದಲಿನ ಅರಬರಲ್ಲೂ ಹೀಗೆ ತಿಂಗಳು ಸೇರಿಸುವ ರೂಢಿ ಇತ್ತು. ಕುರ್‌ಆನ್ ಅದನ್ನು ನಿಲ್ಲಿಸಿತು. ಚಂದ್ರನನ್ನು ಅವನ ಪಾಡಿಗೆ ಬಿಟ್ಟುಬಿಟ್ಟರು. ಅದರಿಂದ ರಂಜಾನ್ ಮೂವತ್ತಮೂರು ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಬಿಸಿಲ ನಾಡಿನವನಿಗೂ ಹಿಮದ ನಾಡಿನವನಿಗೂ ಉದ್ದ ಹಗಲಿನ ಉಪವಾಸ, ಗಿಡ್ಡ ಹಗಲಿನ ಉಪವಾಸ ಎರಡೂ ಪಾಲಿಗೆ ಬರುತ್ತವೆ. ನನಗೆ ತೂಗುದೀಪಕ್ಕಿಂತ ಹೆಚ್ಚು ಬೆರಗಾದದ್ದು ಈ ಲೆಕ್ಕ.

ಮೆಚ್ಚದ್ದೂ ಇತ್ತು, ಹೇಳಿಬಿಡುತ್ತೇನೆ. ಮೇಜಿನ ಮೇಲೆ ಪುಕ್ಕಟೆ ಹಂಚಲಿಟ್ಟ ಕಿರುಹೊತ್ತಗೆಗಳಲ್ಲಿ ಒಂದು, ಇಂದಿನ ವಿಜ್ಞಾನವೆಲ್ಲ ಅಂದೇ ಗ್ರಂಥದಲ್ಲಿತ್ತು ಎಂದು ಸಾಧಿಸುತ್ತಿತ್ತು. ಇಂಥ ಪುಸ್ತಕಗಳನ್ನು ನಮ್ಮಲ್ಲೂ ಧಾರಾಳ ಓದಿದ್ದೇನೆ. ಎಲ್ಲಿದ್ದರೂ ಅವು ಧರ್ಮಕ್ಕೂ ವಿಜ್ಞಾನಕ್ಕೂ ಉಪಕಾರ ಮಾಡುವುದಿಲ್ಲ. ಇನ್ನೊಂದು, ಹೆಂಗಸರ ನಮಾಜಿನ ಹಾಲ್. ಅದರಲ್ಲಿ ಹಿಡಿಸುವುದು 750 ಜನ. ಗಂಡಸರ ಹಾಲ್‌ನಲ್ಲಿ ಆರೂವರೆ ಸಾವಿರ. ಶುಕ್ರವಾರದ ಜುಮಾ ನಮಾಜು ಗಂಡಸರಿಗೆ ಕಡ್ಡಾಯ, ಹೆಂಗಸರಿಗೆ ಕಡ್ಡಾಯವಲ್ಲ, ಅದಕ್ಕೇ ಎಂದು ಹಿರಿಯಾಕೆ ವಿವರಿಸಿದರು. ವಿವರಣೆ ಅರ್ಥವಾಯಿತು, ಒಪ್ಪಿಗೆಯಾಗಲಿಲ್ಲ. ಅದನ್ನು ಅವರಿಗೂ ಹೇಳಿದೆ. ಬೇಸರಿಸಲಿಲ್ಲ, ಇನ್ನೊಂದು ಖರ್ಜೂರ ಕೊಟ್ಟರು.

ಶುಕ್ರವಾರ ತಮ್ಮನ ಗೆಳೆಯ, ಪುತ್ತೂರಿನ ಬ್ಯಾರಿ ಹುಡುಗ, ತನ್ನ ಕಾರಿನಲ್ಲಿ ನಮ್ಮನ್ನು ನಿಝ್ವಾಕ್ಕೆ ಕರೆದುಕೊಂಡು ಹೋದ. ಮಸ್ಕತ್‌ನಿಂದ ಒಳನಾಡಿಗೆ ಎರಡು ಗಂಟೆಯೊಳಗಿನ ದಾರಿ. ಇಲ್ಲಿಯವರ ಇಸ್ಲಾಮಿನ ಬೇರು ಇರುವುದು ಅಲ್ಲೇ. ಸುನ್ನಿ, ಶಿಯಾ ಎಂಬ ಎರಡೇ ಪಂಗಡ ಎಂದುಕೊಂಡವರಿಗೆ ಒಮಾನ್ ಮೂರನೆಯದನ್ನು ತೋರಿಸುತ್ತದೆ: ಇಬಾದಿ. ಪ್ರವಾದಿ ತೀರಿಹೋದ ಮೊದಲ ನೂರು ವರ್ಷದೊಳಗೆ ಬಸ್ರಾದಲ್ಲಿ ಬೆಳೆದ ಪಂಥ. ಅದಕ್ಕೆ ಬುನಾದಿ ಹಾಕಿದ ಪಂಡಿತ ಜಾಬಿರ್ ಬಿನ್ ಝೈದ್ ನಿಝ್ವಾ ಸೀಮೆಯವರು. ಮುಂದಾಳು ಯಾವ ಮನೆತನದಲ್ಲಿ ಹುಟ್ಟಿದವನೆಂಬುದು ಮುಖ್ಯವಲ್ಲ, ಯೋಗ್ಯನಾದವನನ್ನು ಸಮುದಾಯವೇ ಆರಿಸಬೇಕು ಎಂಬುದು ಅವರ ಹಟ. ಹಳೆಯ ಇಬಾದಿ ಮಸೀದಿಗಳಿಗೆ ಹೆಚ್ಚಾಗಿ ಮಿನಾರು ಇಲ್ಲ, ಅಲಂಕಾರವೂ ಕಡಿಮೆ. ಮಣ್ಣಿನ ಗೋಡೆ, ಚಾಪೆ, ಗೂಡು.

ನಿಝ್ವಾದ ಶುಕ್ರವಾರದ ಆಡಿನ ಸಂತೆ ನೋಡುವಂಥದ್ದು. ಕೊಳ್ಳುವವರು ಸುತ್ತ ನಿಂತಿರುತ್ತಾರೆ, ಮಾರುವವರು ಆಡು ಹಿಡಿದು ಬೆಲೆ ಕೂಗುತ್ತ ಗಾಣದ ಎತ್ತಿನಂತೆ ಸುತ್ತು ಹೊಡೆಯುತ್ತಾರೆ. ಕೊಂಬು ಎತ್ತಿ, ಹಲ್ಲು ನೋಡಿ, ಕೆಚ್ಚಲು ಮುಟ್ಟಿ ವ್ಯಾಪಾರ. ಹೊತ್ತೇರುವಷ್ಟರಲ್ಲಿ ಎಲ್ಲ ಖಾಲಿ; ಜುಮಾಕ್ಕೆ ಮೊದಲು ಮಿಂದು ಒಗೆದ ಬಟ್ಟೆ ಉಡಬೇಕಲ್ಲ.

ಊರಿನ ಬದಿಯಲ್ಲಿ ಹರಿಯುವುದು ಫಲಜ್ ದಾರಿಸ್. ಬೆಟ್ಟದ ಬುಡದ ಅಂತರ್ಜಲವನ್ನು ಸುರಂಗ ತೋಡಿ, ಪಂಪಿಲ್ಲದೆ ಬರೀ ಇಳಿಜಾರಿನಿಂದ ಊರಿಗೆ ತಂದ ಕಾಲುವೆ. ಒಮಾನಿನ ಇಂಥ ಐದು ಕಾಲುವೆಗಳನ್ನು ಯುನೆಸ್ಕೊ 2006ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನೀರು ಊರು ಹೊಕ್ಕೊಡನೆ ಮೊದಲ ಪಾಲು ಕುಡಿಯಲಿಕ್ಕೆ. ಆಮೇಲೆ ಮಸೀದಿಯಲ್ಲಿ ಕೈಕಾಲು ಮುಖ ತೊಳೆಯಲು, ಮೀಯಲು. ಕೊನೆಗೆ ಖರ್ಜೂರದ ತೋಟಕ್ಕೆ. ತೋಟದವರ ನೀರಿನ ಪಾಲನ್ನು ಹೊತ್ತಿನಿಂದ ಅಳೆಯುತ್ತಾರೆ: ಅಥರ್ ಎಂದರೆ ಅರ್ಧ ಗಂಟೆಯಷ್ಟು ಹರಿವು. ಗಡಿಯಾರ ಬರುವ ಮೊದಲು ಹಗಲು ನೆಲದಲ್ಲಿ ನೆಟ್ಟ ಕಂಬದ ನೆರಳು, ರಾತ್ರಿ ಬೆಟ್ಟದ ನೆತ್ತಿ ದಾಟುವ ನಕ್ಷತ್ರ. ಕೆಲವರು ತಮ್ಮ ಪಾಲಿನ ನೀರನ್ನೇ ಮಸೀದಿಗೆ ವಕ್ಫ್ ಎಂದು ಬಿಟ್ಟುಕೊಟ್ಟು ಸಾಯುತ್ತಾರೆ.

ನಮ್ಮ ಹುಡುಗ ಕಾಲುವೆಯ ಅಂಚಿನಲ್ಲಿ ಕೂತು ನಮಾಜಿಗೆ ಕೈಕಾಲು ಮುಖ ತೊಳೆದು ವುಝೂ ಮಾಡುತ್ತ ಹೇಳಿದ: “ನಮಾಜೂ ಹೀಗೇ ಅಕ್ಕ, ಎಲ್ಲ ನೆರಳಿನ ಲೆಕ್ಕ. ಈಗ ಆಪ್ ಇದೆ, ನೋಡಿದ್ರೆ ಆಯ್ತು. ಮದ್ರಸದಲ್ಲಿ ಉಸ್ತಾದರು ಅಂಗಳದಲ್ಲಿ ಕೋಲು ನೆಟ್ಟು ತೋರಿಸಿದ್ರು ಮಾರಾಯ್ರೆ.” ಸೂರ್ಯ ನೆತ್ತಿ ದಾಟಿ ನೆರಳು ಮತ್ತೆ ಬೆಳೆಯಲು ತೊಡಗಿದರೆ ಳುಹರ್. ನಡುಮಧ್ಯಾಹ್ನದ ನೆರಳಿನ ಮೇಲೆ ಇನ್ನೊಂದು ಕೋಲಿನಷ್ಟು ಬೆಳೆದರೆ ಅಸರ್. ಮುಳುಗಿದರೆ ಮಗ್ರಿಬ್. ಪಡುವಣದ ಕೆಂಪು ಪೂರ್ತಿ ಆರಿದರೆ ಇಶಾ. ಬೆಳಗಿನ ಮೊದಲ ಬಿಳಿ ಗೆರೆ ಮೂಡಿದರೆ ಸುಬಹಿ. ಡಿಸೆಂಬರ್ ಕೊನೆ. ಜುಮಾದ ಬಾಂಗ್ ಆದಾಗ ಮಸೀದಿಯ ಹೊರಗೆ ನಿಂತು ನನ್ನ ನೆರಳು ನೋಡಿಕೊಂಡೆ: ಬಡಗಣಕ್ಕೆ ಚಾಚಿ ಹೆಚ್ಚುಕಡಿಮೆ ನನ್ನಷ್ಟೇ ಉದ್ದ.

ಹಿಂದಿರುಗುವಾಗ ಸಮಾಇಲ್ ಎಂಬ ಖರ್ಜೂರದ ಕಣಿವೆಯಲ್ಲಿ ಅಸರ್ ಆಯಿತು. ಒಮಾನಿನಲ್ಲಿ ಮೊದಲು ಇಸ್ಲಾಂ ಒಪ್ಪಿದವನೆಂದು ಹೇಳುವ ಮಾಝಿನ್ ಬಿನ್ ಘದೂಬ ಈ ಊರಿನವನು. ಆಮೇಲೆ 630ರ ಸುಮಾರಿಗೆ ಪ್ರವಾದಿಯ ಪತ್ರ ಇಲ್ಲಿನ ಇಬ್ಬರು ಅಣ್ಣತಮ್ಮ ದೊರೆಗಳಿಗೆ ಬಂದು, ಅವರು ಸಮಾಲೋಚಿಸಿ ಒಪ್ಪಿದರು. ಕತ್ತಿಯಿಂದ ಬಂದದ್ದಲ್ಲ, ಕಾಗದದಿಂದ ಬಂದದ್ದು ಎನ್ನುವುದು ಒಮಾನಿಗಳ ಹೆಮ್ಮೆ. ಬಾಂಗ್ ಮೊಳಗಿದಾಗ ಮತ್ತೆ ನೆರಳು ನೋಡಿದೆ. ಈಶಾನ್ಯಕ್ಕೆ ತಿರುಗಿ ನನ್ನ ಎರಡರಷ್ಟು ಉದ್ದವಾಗಿತ್ತು. ಮೈ ಜುಂ ಎಂದಿತು. ಮೈಕು ಕೂಗಿದ್ದಕ್ಕೂ ನನ್ನ ಕಾಲಬುಡದ ಗೆರೆಗೂ ತಾಳೆ ಬಿದ್ದಿತ್ತು!

ರಸ್ತೆಬದಿಯ ಚಿಕ್ಕ ಮಸೀದಿಯ ಬಾಗಿಲು ತೆರೆದೇ ಇತ್ತು. ಹುಡುಗ ಒಳಗೆ ಹೋದ. ಪ್ರಯಾಣದಲ್ಲಿರುವವನು ನಾಲ್ಕು ರಕಅತ್, ಎಂದರೆ ನಾಲ್ಕು ಸುತ್ತು ನಮಾಜಿನ ಬದಲು ಎರಡೇ ಮಾಡಬಹುದು. ಆದರೆ ಊರಿನ ಇಮಾಮರ ಹಿಂದೆ ನಿಂತರೆ ಅವರಷ್ಟೇ ಪೂರ್ತಿ ಮಾಡಬೇಕು, ಹಾಗಾಗಿ ಹತ್ತು ನಿಮಿಷ ತಡೀರಿ ಎಂದು ಹೇಳಿಹೋದ. ಹೊರಗಿನಿಂದ ಸಾಲು ಕಾಣುತ್ತಿತ್ತು. ಒಮಾನಿಗಳು ಇಬಾದಿ ಕ್ರಮದಂತೆ ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ನಿಂತಿದ್ದರು. ಪುತ್ತೂರಿನ ಶಾಫಿ ಪಂಥದ ಹುಡುಗ ಎದೆಯ ಕೆಳಗೆ ಕೈಕಟ್ಟಿ ನಿಂತಿದ್ದ. ಭುಜಕ್ಕೆ ಭುಜ ತಾಗಿತ್ತು. ಯಾರೂ ಯಾರ ಕೈಯನ್ನೂ ನೋಡಲಿಲ್ಲ. ಬಾಗುವಾಗ ಎಲ್ಲರೂ ಒಟ್ಟಿಗೆ ಬಾಗಿದರು.

ಮರಳುವ ದಾರಿಯಲ್ಲಿ ಅವನ ಫೋನಿನ ದಿಕ್ಸೂಚಿ ಈಸಿಕೊಂಡು ನೋಡಿದೆ. ಒಮಾನಿನಿಂದ ಮೆಕ್ಕಾ ಸುಮಾರಾಗಿ ನೇರ ಪಡುವಣ. ನಮ್ಮ ಕರಾವಳಿಯಿಂದ ಪಡುವಣಕ್ಕಿಂತ ತುಸು ಬಡಗಣಕ್ಕೆ ವಾಲಬೇಕು. ತುರ್ಕಿಯವರು ತೆಂಕಣಕ್ಕೆ ನಿಲ್ಲುತ್ತಾರೆ, ದಕ್ಷಿಣ ಆಫ್ರಿಕಾದವರು ಬಡಗಣಕ್ಕೆ. ಮೊದಮೊದಲು ಮುಸ್ಲಿಮರು ಜೆರುಸಲೇಮಿನ ಕಡೆ ಮುಖ ಮಾಡುತ್ತಿದ್ದರು. ಮದೀನಾಕ್ಕೆ ಬಂದ ಎರಡನೇ ವರ್ಷ ದಿಕ್ಕು ಮೆಕ್ಕಾಕ್ಕೆ ತಿರುಗಿತು. ದುಂಡಗಿನ ಭೂಮಿಯ ಮೇಲೆ ದೂರದ ಒಂದೂರಿನ ದಿಕ್ಕನ್ನು ಕರಾರುವಾಕ್ಕಾಗಿ ಹಿಡಿಯುವುದು ಸುಲಭದ ಗಣಿತವಲ್ಲ. ಭಾರತದ ಬಗ್ಗೆ ದೊಡ್ಡ ಗ್ರಂಥ ಬರೆದ ಅಲ್ ಬಿರೂನಿಯೇ ಘಝ್ನಿಯಿಂದ ಮೆಕ್ಕಾದ ದಿಕ್ಕು ಹಿಡಿಯಲು ಒಂದು ಪುಸ್ತಕ ತುಂಬ ತ್ರಿಕೋನಮಿತಿ ಮಾಡಿದ. ಊರೂರಿನ ಖಾಲಿ ಗೂಡುಗಳ ಹಿಂದೆ ಇಷ್ಟು ಲೆಕ್ಕವಿದೆ ಎಂದು ನೆರೆಯಲ್ಲೇ ಮಸೀದಿಯಿದ್ದ ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಒಂದು ಧರ್ಮವನ್ನು ಅದರ ಕುರಿತ ಜಗಳಗಳಿಂದ ತಿಳಿಯುವುದಕ್ಕಿಂತ ಅದು ಹೊತ್ತನ್ನೂ ದಿಕ್ಕನ್ನೂ ಹೇಗೆ ಎಣಿಸುತ್ತದೆ ಎಂಬುದರಿಂದ ತಿಳಿಯುವುದು ಒಳ್ಳೆಯದು ಎಂದು ನನ್ನ ತೀರ್ಮಾನ. ಅದಕ್ಕೆ ಒಮಾನಿಗೇ ಹೋಗಬೇಕೆಂದಿಲ್ಲ. ನಮ್ಮ ಊರುಗಳಲ್ಲೂ ಈಚೆಗೆ ‘ಮಸೀದಿ ದರ್ಶನ’ ಎಂದು ಎಲ್ಲರನ್ನೂ ಕರೆಯುತ್ತಿದ್ದಾರೆ, ಕರೆದರೆ ಹೋಗಿ. ಮಸ್ಕತ್‌ಗೇ ಹೋಗುವವರಿದ್ದರೆ ನೆನಪಿರಲಿ: ದೊಡ್ಡ ಮಸೀದಿ ಮುಸ್ಲಿಮೇತರರಿಗೆ ತೆರೆದಿರುವುದು ಶನಿವಾರದಿಂದ ಗುರುವಾರದವರೆಗೆ, ಬೆಳಿಗ್ಗೆ 8ರಿಂದ 11. ಶುಕ್ರವಾರ ಇಲ್ಲ. ಎಂಟಕ್ಕೇ ಹೋಗಿ, ಹತ್ತರ ಮೇಲೆ ಟೂರಿಸ್ಟ್ ಬಸ್ಸುಗಳ ಗದ್ದಲ. ಹೆಂಗಸರು ದೊಡ್ಡದೊಂದು ದುಪಟ್ಟಾ, ನಾಲ್ಕು ಪಿನ್ನು ಇಟ್ಟುಕೊಳ್ಳಿ. ಫೋಟೋ ಆದಮೇಲೆ ಹೊರಟುಬಿಡಬೇಡಿ. ತೋಟದಾಚೆಯ ಕಹ್ವಾ ಕೋಣೆಗೆ ಹೋಗಿ ಕೂತು, ಮನಸ್ಸಿನಲ್ಲಿರುವ ಪ್ರಶ್ನೆಯನ್ನು ಹಾಗೆಯೇ ಕೇಳಿ.